ಪಾಚಿ, ಕೆಸರು, ಹಿಮ: ಜಾರುವ ರಸ್ತೆಯಲ್ಲಿ ಫ್ರಂಟ್ ವೀಲ್ ಡ್ರೈವ್ ಸೆಡಾನ್ ಓಡಿಸುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಓಮ್ನಿ, ಜೀಪು ನಿಲ್ಲುತ್ತಿದ್ದ ಅಂಗಳಕ್ಕೆ ಡಿಜೈರ್, ಅಮೇಜ್, ಟಿಗೋರ್ ಬಂದು ವರ್ಷಗಳೇ ಆದವು. ಗಾಡಿ ಬದಲಾಯಿತು, ಓಡಿಸುವ ಕೈ ಮಾತ್ರ ಹಳೆಯದೇ ಉಳಿದಿದೆ. ಓಮ್ನಿ, ಜೀಪು, ಬೊಲೆರೊ, ಅದಕ್ಕೂ ಹಿಂದಿನ ಅಂಬಾಸಿಡರ್, ಇವೆಲ್ಲ ಹಿಂದಿನ ಚಕ್ರ ತಳ್ಳುವ ಗಾಡಿಗಳು. ಈಗ ಸಾಮಾನ್ಯ ಬೆಲೆಗೆ ಸಿಗುವ ಸೆಡಾನ್‌ಗಳಲ್ಲಿ ಎಳೆಯುವುದು ಮುಂದಿನ ಚಕ್ರ. ಒಣ ರಸ್ತೆಯಲ್ಲಿ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಆಷಾಢದ ಮಳೆಯಲ್ಲಿ ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟ ಇಳಿಯುವಾಗ, ಪಾಚಿ ಕಟ್ಟಿದ ಸಿಮೆಂಟ್ ಏರು ಹತ್ತುವಾಗ, ಇಲ್ಲವೇ ಚಳಿಗಾಲದ ರಜೆಗೆಂದು ಅದೇ ಕಾರನ್ನು ಮನಾಲಿಯವರೆಗೆ ಓಡಿಸಿಕೊಂಡು ಹೋದಾಗ ಮಾತ್ರ ಗೊತ್ತಾಗುತ್ತದೆ.

ಈ ಕಾರಿನಲ್ಲಿ ಎಂಜಿನ್, ಗೇರ್ ಬಾಕ್ಸ್ ಎರಡೂ ಮುಂದಿರುತ್ತವೆ. ಒಬ್ಬರೇ ಕುಳಿತಾಗ ಒಟ್ಟು ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂದಿನ ಎರಡು ಟಯರುಗಳ ಮೇಲೆ, 40 ಪಾಲು ಹಿಂದಿನವುಗಳ ಮೇಲೆ ಬೀಳುತ್ತದೆ. ಎಳೆಯುವ ಚಕ್ರದ ಮೇಲೆ ಭಾರವಿರುವುದರಿಂದ ಸಪಾಟು ಕೆಸರಿನಲ್ಲಿ, ತೆಳು ಹಿಮದಲ್ಲಿ ಇದು ಖಾಲಿ ಬೊಲೆರೊಗಿಂತ ಚೆನ್ನಾಗಿಯೇ ಹೊರಡುತ್ತದೆ. ಆದರೆ ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಭಾರ ಹೊರುವುದು, ಮೂರೂ ಅದೇ ಎರಡು ಟಯರುಗಳ ಕೆಲಸ. ನೆಲದ ಹಿಡಿತ ಕಡಿಮೆಯಾದಾಗ ಒಂದು ಹೊತ್ತಿಗೆ ಒಂದೇ ಕೆಲಸ ಹೇಳಬೇಕು. ಹಿಂದಿನ ಎರಡು ಟಯರು ಸುಮ್ಮನೆ ಹಿಂಬಾಲಿಸುತ್ತವೆ ಎಂದುಕೊಂಡವರೇ ಹೆಚ್ಚು. ಕಾರು ರಸ್ತೆಗೆ ಅಡ್ಡ ತಿರುಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಅವೇ.

ಹಿಡಿತದ ಲೆಕ್ಕ

ಡಾಂಬರು ಒಣಗಿದ್ದಾಗ ಟಯರಿನ ಘರ್ಷಣಾಂಕ, ಅಂದರೆ ನೆಲದ ಹಿಡಿತದ ಅಳತೆ, ಸುಮಾರು 0.7ರಿಂದ 0.8. ತೊಳೆದು ಸ್ವಚ್ಛವಾದ ಒದ್ದೆ ಡಾಂಬರಿನಲ್ಲಿ 0.4ರಿಂದ 0.6. ಡಾಂಬರಿನ ಮೇಲೆ ಕೆಂಪು ಮಣ್ಣಿನ ತೆಳು ರಾಡಿ ಇದ್ದರೆ 0.2–0.3ಕ್ಕೆ ಇಳಿಯಬಹುದು, ತುಳಿದು ಗಟ್ಟಿಯಾದ ಹಿಮದ ಮೇಲೂ ಹೆಚ್ಚುಕಡಿಮೆ ಇಷ್ಟೇ. ನುಣುಪು ಮಂಜುಗಡ್ಡೆಯ ಮೇಲೆ 0.1, ಅದಕ್ಕೂ ಕಡಿಮೆ. ಒದ್ದೆ ಪಾಚಿಯೂ ಈ ಕೊನೆಯ ಸಾಲಿನ ಹತ್ತಿರಕ್ಕೇ ಬರುತ್ತದೆ. ಹಾಗಾಗಿ ಹಿಮವನ್ನೇ ನೋಡದ ಶಿರಸಿಯವನಿಗೂ ಹಿಮದ ಮೇಲಿನ ಚಾಲನೆಯ ಪಾಠ ಮನೆಬಾಗಿಲಲ್ಲೇ ಇದೆ.

ಗಂಟೆಗೆ 40 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದರೆ ಒಣ ಡಾಂಬರಿನಲ್ಲಿ ಸುಮಾರು 9 ಮೀಟರಿಗೆ ಕಾರು ನಿಲ್ಲುತ್ತದೆ. ಒದ್ದೆ ರಸ್ತೆಯಲ್ಲಿ 14 ಮೀಟರ್, ರಾಡಿಯಲ್ಲಿ 31 ಮೀಟರ್, ಮಂಜುಗಡ್ಡೆಯ ಮೇಲೆ 60 ಮೀಟರಿಗೂ ಹೆಚ್ಚು. ಕಣ್ಣು ಕಂಡು ಕಾಲು ಒತ್ತುವ ಒಂದು ಸೆಕೆಂಡಿನಲ್ಲಿ ಓಡುವ 11 ಮೀಟರ್ ಇದರಲ್ಲಿ ಸೇರಿಲ್ಲ. ಇದು ಸಮತಟ್ಟು ರಸ್ತೆಯ ಲೆಕ್ಕ. ಇಳಿಜಾರಿನಲ್ಲಿ ನೂರು ಮೀಟರಿಗೆ 8 ಮೀಟರ್ ಇಳಿತವಿದ್ದರೆ ಹಿಡಿತದಿಂದ 0.08 ಕಳೆಯಬೇಕು. ರಾಡಿಯ 0.2 ಆಗ 0.12 ಆಗುತ್ತದೆ, 31 ಮೀಟರ್ 52ಕ್ಕೆ ಏರುತ್ತದೆ. ಅದೇ ಇಳಿಜಾರಿನಲ್ಲಿ 20 ಕಿ.ಮೀ. ವೇಗದಲ್ಲಿದ್ದರೆ 13 ಮೀಟರ್ ಸಾಕು. ನೂರಕ್ಕೆ ಹತ್ತರ ಇಳಿತ, ಘರ್ಷಣಾಂಕ 0.1 ಎಂದಾದರೆ ಯಾವ ವೇಗದಲ್ಲಿದ್ದರೂ ಬ್ರೇಕು ಕಾರನ್ನು ನಿಲ್ಲಿಸುವುದಿಲ್ಲ. ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಹೋಗದಂತೆ ತಡೆಯುವ ಎಬಿಎಸ್ ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಮೊದಲು ಟಯರು

ಮಳೆಗಾಲದ ಸಿದ್ಧತೆಯನ್ನು ಮೇ ಎರಡನೇ ವಾರದೊಳಗೆ ಮುಗಿಸುವುದು ಒಳ್ಳೆಯದು. ಹೊಸ ಟಯರಿನ ಮೈಮೇಲಿನ ತೋಡು ಸಾಮಾನ್ಯವಾಗಿ 7–8 ಮಿ.ಮೀ. ಆಳವಿರುತ್ತದೆ. ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ.; ತೋಡಿನೊಳಗೆ ಕಾಣುವ ಸಣ್ಣ ರಬ್ಬರ್ ದಿಬ್ಬ ಆ ಮಟ್ಟ ತೋರಿಸುತ್ತದೆ. ನಮ್ಮ ಕರಾವಳಿಯ ಮಳೆಗೆ ಆ ಮಿತಿ ಪ್ರಯೋಜನಕ್ಕಿಲ್ಲ. 3 ಮಿ.ಮೀ. ಕೆಳಗೆ ಬಂದ ಟಯರು ನೀರನ್ನು ಹೊರಗೆ ತಳ್ಳಲಾರದು. ಕೆಲವು ನೂರು ರೂಪಾಯಿಯ ಆಳ ಅಳೆಯುವ ಗೇಜು ತಂದು ಪ್ರತಿ ಟಯರಿನ ಒಳಅಂಚು, ನಡು, ಹೊರಅಂಚು ಮೂರು ಕಡೆ ಅಳೆಯಿರಿ. ಒಳಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ. ನಡು ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದಿದ್ದರೆ ಕಡಿಮೆಯಾಗಿತ್ತು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ. 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ ರಬ್ಬರು ತೋಡು ಆಳವಾಗಿದ್ದರೂ ಗಡುಸಾಗಿ ಒದ್ದೆಯಲ್ಲಿ ಜಾರುತ್ತದೆ. ವರ್ಷಕ್ಕೆ ನಾಲ್ಕೈದು ಸಾವಿರ ಕಿ.ಮೀ. ಮಾತ್ರ ಓಡುವ ಮನೆಬಳಕೆಯ ಕಾರುಗಳಲ್ಲಿ ಈ ತೊಂದರೆ ಬಹಳ.

ಇನ್ನು ಟಯರ್ ಅಂಗಡಿಯಲ್ಲಿ ದಿನಾ ನಡೆಯುವ ಜಗಳ. ಈ ಕಾರುಗಳಲ್ಲಿ ಮುಂದಿನ ಟಯರುಗಳು ಹಿಂದಿನವಕ್ಕಿಂತ ಬೇಗ ಸವೆಯುತ್ತವೆ. ಎರಡೇ ಹೊಸ ಟಯರಿಗೆ ದುಡ್ಡಿದೆ ಎಂದಾದಾಗ ಅಂಗಡಿಯವನು ‘ಎಳೆಯುವ ಚಕ್ರಕ್ಕೇ ಹೊಸದು ಹಾಕಿ’ ಎನ್ನುತ್ತಾನೆ. ಕೇಳಬೇಡಿ. ಹೊಸದೆರಡೂ ಹಿಂದಕ್ಕೆ ಹೋಗಬೇಕು, ಹಿಂದಿದ್ದ ಅರೆಸವೆದ ಜೋಡಿ ಮುಂದಕ್ಕೆ ಬರಬೇಕು. ಟಯರ್ ಕಂಪನಿಗಳೂ ಹೇಳುವುದು ಇದನ್ನೇ. ಮುಂದಿನ ಟಯರು ಹಿಡಿತ ಬಿಟ್ಟರೆ ಸ್ಟೇರಿಂಗ್ ಹಗುರಾಗಿ ಕೈಗೆ ಸುಳಿವು ಸಿಗುತ್ತದೆ. ಕಾರು ನೇರ ಹೋಗುತ್ತದೆ, ಹೆದರಿ ಎಕ್ಸಿಲರೇಟರ್ ಬಿಟ್ಟರೆ ಸಾಕು, ಭಾರ ಮುಂದೆ ಬಂದು ಹಿಡಿತ ಮರಳುತ್ತದೆ. ಹಿಂದಿನದು ಬಿಟ್ಟರೆ ಸುಳಿವೇ ಇಲ್ಲ. ಹೆದರಿ ಕಾಲು ತೆಗೆದಷ್ಟೂ ಹಿಂಭಾಗ ಇನ್ನೂ ಹಗುರಾಗಿ ಕಾರು ಬುಗುರಿಯಾಗುತ್ತದೆ. ಘಟ್ಟದ ತಿರುವಿನಲ್ಲಿ ಅದಕ್ಕೆ ಬೇಕಾದಷ್ಟು ಅಗಲ ಇರುವುದಿಲ್ಲ.

ಈ ಇಕ್ಕಟ್ಟೇ ಬರದಂತೆ ಮಾಡಲು 8,000ದಿಂದ 10,000 ಕಿ.ಮೀ.ಗೊಮ್ಮೆ ಟಯರ್ ಅದಲುಬದಲು ಮಾಡಿಸಿ: ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಎಡಬಲ ಬದಲಾಗಿ ಮುಂದಕ್ಕೆ. ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿರುವ ಟಯರಾದರೆ ಎಡಬಲ ಬದಲಿಸಬಾರದು.

ಗಾಳಿಯ ಪ್ರಮಾಣ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿದೆ. ಬಹುತೇಕ ಸೆಡಾನ್‌ಗಳಿಗೆ 30ರಿಂದ 33 ಪಿಎಸ್‌ಐ, ಟಯರು ತಣ್ಣಗಿದ್ದಾಗ ಅಳೆದದ್ದು. ‘ಮಳೆಗಾಲಕ್ಕೆ ಸ್ವಲ್ಪ ಇಳಿಸಿ, ಹಿಡಿತ ಜಾಸ್ತಿ’ ಎಂಬ ಮಾತು ಒದ್ದೆ ಡಾಂಬರಿಗೆ ತಪ್ಪು. ಗಾಳಿ ಕಡಿಮೆಯಾದ ಟಯರಿನ ನಡುಭಾಗ ಒಳಕ್ಕೆ ಬಾಗುತ್ತದೆ, ನೀರು ಅಲ್ಲೇ ನಿಲ್ಲುತ್ತದೆ, ಟಯರು ಬೇಗ ತೇಲುತ್ತದೆ.

ಎಲ್ಲಿ ಜಾರುತ್ತದೆ

ಧೋ ಎಂದು ಸುರಿಯುವ ಮಳೆಗಿಂತ ಮೊದಲ ಮಳೆಯ ಮೊದಲ ಅರ್ಧ ಗಂಟೆ ಹೆಚ್ಚು ಅಪಾಯ. ತಿಂಗಳುಗಟ್ಟಲೆ ಕೂತ ಎಣ್ಣೆ, ರಬ್ಬರ್ ಪುಡಿ, ಧೂಳು ನೀರಿನೊಂದಿಗೆ ಕಲಸಿ ಡಾಂಬರಿನ ಮೇಲೆ ಪದರವಾಗುತ್ತದೆ. ಜುಲೈ ಹೊತ್ತಿಗೆ ಅದು ತೊಳೆದುಹೋಗಿರುತ್ತದೆ, ಆಗ ಬೇರೆ ಸಂಗತಿಗಳು ಶುರು.

ಯಲ್ಲಾಪುರ–ಅಂಕೋಲಾ ದಾರಿಯ ಅರಬೈಲ್ ಘಟ್ಟದ ತಿರುವುಗಳಲ್ಲಿ ಟ್ಯಾಂಕ್ ತುಂಬಿದ ಲಾರಿಗಳಿಂದ ಡೀಸೆಲ್ ತುಳುಕುತ್ತದೆ. ಅದು ಬೀಳುವುದು ತಿರುವಿನ ಹೊರಮಗ್ಗುಲಿಗೆ, ಇಳಿಯುವವನು ಜಾರಿದಾಗ ಹೋಗುವುದೂ ಅತ್ತಲೇ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ, ಡೀಸೆಲ್ ವಾಸನೆ ಬಂದರೆ ಅಲ್ಲಿ ಬ್ರೇಕನ್ನೂ ಒತ್ತಬೇಡಿ, ಎಕ್ಸಿಲರೇಟರನ್ನೂ ಒತ್ತಬೇಡಿ. ಕುಮಟಾ–ಶಿರಸಿ ರಸ್ತೆಯಲ್ಲಿ ಅಗಲ ಮಾಡಲು ಕಡಿದ ಧರೆಗಳಿಂದ (ರಸ್ತೆ ಬದಿಯ ಕಡಿದಾದ ಮಣ್ಣಿನ ಗೋಡೆಗಳಿಂದ) ಕೆಂಪು ರಾಡಿ ಇಳಿದು ಬರುತ್ತದೆ. ನಾಟಿಯ ದಿನಗಳಲ್ಲಿ ಗದ್ದೆಯಿಂದ ರಸ್ತೆಗೆ ಏರಿದ ಟ್ರ್ಯಾಕ್ಟರು ನೂರಿನ್ನೂರು ಮೀಟರ್ ಕೆಸರು ಚೆಲ್ಲಿಕೊಂಡೇ ಹೋಗುತ್ತದೆ. ದಟ್ಟ ಕಾಡಿನ ರಸ್ತೆಯಲ್ಲಿ ಕೊಳೆತ ದರಕು (ತರಗೆಲೆ), ಸೇತುವೆಯ ಮೇಲೆ ಅಡ್ಡಡ್ಡ ಹಾಕಿದ ಕಬ್ಬಿಣದ ಪಟ್ಟಿ, ರಸ್ತೆಯ ದಪ್ಪ ಬಿಳಿ ಬಣ್ಣ ಎಲ್ಲವೂ ಹಿಡಿತ ಕದಿಯುವಂಥವೇ. ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹೋಗುತ್ತಿದ್ದರೆ ಬಿಸಿಲಿದ್ದರೂ ಅಂತರ ಬಿಡಿ: ಅದರಿಂದ ಸುರಿಯುವ ನೀರಿನಲ್ಲಿ ಮೀನಿನ ಕೊಬ್ಬೂ ಇರುತ್ತದೆ.

ಅದೇ ಹೆದ್ದಾರಿಯ ನಾಲ್ಕು ಪಥದ ಭಾಗದಲ್ಲಿ ಬೇರೊಂದು ತೊಂದರೆ. ರಸ್ತೆ ವಿಭಜಕದ ಕಡೆಗೆ ವಾಲಿದ ತಿರುವುಗಳಲ್ಲಿ ನೀರು ಬಲಬದಿಯ ಪಥದಲ್ಲೇ ನಿಲ್ಲುತ್ತದೆ, ಜೋರಾಗಿ ಹೋಗುವವರೂ ಅದೇ ಪಥದಲ್ಲಿರುತ್ತಾರೆ. ಟಯರು ನೀರಿನ ಮೇಲೆ ತೇಲಿದಾಗ ಸ್ಟೇರಿಂಗ್ ದಿಢೀರನೆ ಹಗುರಾಗುತ್ತದೆ, ವೇಗ ಹೆಚ್ಚದೆ ಎಂಜಿನ್ ಮಾತ್ರ ರೇಗುತ್ತದೆ. ಎಕ್ಸಿಲರೇಟರ್ ಮೆಲ್ಲಗೆ ಬಿಡಿ, ಸ್ಟೇರಿಂಗ್ ನೇರ ಹಿಡಿಯಿರಿ, ಬ್ರೇಕ್ ಮುಟ್ಟಬೇಡಿ. ಸೆಕೆಂಡಿನೊಳಗೆ ನೆಲ ಸಿಗುತ್ತದೆ. ಆ ಹೊತ್ತಿಗೆ ಚಕ್ರ ಪಕ್ಕಕ್ಕೆ ತಿರುಗಿದ್ದರೆ ನೆಲ ಸಿಕ್ಕ ಕೂಡಲೇ ಕಾರು ಆ ಕಡೆಗೆ ನುಗ್ಗುತ್ತದೆ. ವೇಗವನ್ನು ತಾನಾಗಿ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಮಳೆಯಲ್ಲಿ ಬೇಡ. ನೀರು ನಿಂತ ರಸ್ತೆಯಲ್ಲಿ 60 ದಾಟದಿದ್ದರೆ ಒಳ್ಳೆಯ ಟಯರಿರುವ ಕಾರಿಗೆ ತೇಲುವ ಭಯ ಬಹುಮಟ್ಟಿಗೆ ಇಲ್ಲ. ಸವೆದ ಟಯರಿಗೆ ಆ ಭರವಸೆಯೂ ಇಲ್ಲ.

ಘಟ್ಟ ಇಳಿಯುವುದು

ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಕುಮಟೆಗೆ ಹೋಗುವವನು ದೇವಿಮನೆಯಲ್ಲಿ ಇಳಿಯಲೇಬೇಕು. ಜಾರುವ ರಸ್ತೆಯಲ್ಲಿ ಈ ಕಾರುಗಳಿಗೆ ಏರುವುದಕ್ಕಿಂತ ಇಳಿಯುವುದು ಕಷ್ಟ. ಇಳಿಜಾರಿನಲ್ಲಿ ಭಾರ ಇನ್ನಷ್ಟು ಮುಂದೆ ಸರಿಯುತ್ತದೆ, ಬ್ರೇಕ್ ಹಿಡಿದರೆ ಮತ್ತಷ್ಟು. ಮೊದಲೇ ಹಗುರಾದ ಹಿಂಭಾಗ ನೆಲ ಮುಟ್ಟಿಯೂ ಮುಟ್ಟದಂತಾಗುತ್ತದೆ.

1. ಇಳಿತ ಶುರುವಾಗುವ ಮುನ್ನ, ಹಿಂದೆ ಮುಂದೆ ಯಾರೂ ಇಲ್ಲದ ನೇರ ಜಾಗದಲ್ಲಿ 25–30ರ ವೇಗದಲ್ಲಿ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ನೋಡಿ. ಪೆಡಲ್ ಕೂಡಲೇ ಗಡಗಡ ನಡುಗಿದರೆ ಎಬಿಎಸ್ ಎದ್ದಿದೆ, ಅಂದರೆ ಹಿಡಿತ ಕಡಿಮೆಯಿದೆ. ಆ ದಿನದ ವೇಗ ಅದರ ಮೇಲೆ ನಿರ್ಧಾರವಾಗಲಿ. ಹೊಂಡದ ನೀರಿನಲ್ಲಿ ಹಾದು ಬಂದಿದ್ದರೆ ಬ್ರೇಕ್ ಒಣಗಿಸಿದಂತೆಯೂ ಆಯಿತು. ಹಿಂದೆ ಡ್ರಮ್ ಬ್ರೇಕ್ ಇರುವ ಕಾರುಗಳಿಗೆ ಇದು ಬಹಳ ಮುಖ್ಯ.

2. ಗೇರನ್ನು ಮೇಲೇ ಆರಿಸಿ. ಸಾಮಾನ್ಯ ಇಳಿತಕ್ಕೆ ಮೂರು, ಹಿಮ್ಮುರಿ ತಿರುವುಗಳಿಗೆ ಎರಡು, ರಾಡಿ ಇದ್ದರೆ ಮೊದಲೇ ಎರಡು. ಎಎಂಟಿ (ಮ್ಯಾನುಯಲ್ ಗೇರನ್ನೇ ಯಂತ್ರ ಬದಲಿಸುವ) ಕಾರಿನವರು ಮ್ಯಾನುಯಲ್‌ಗೆ ಹಾಕಿಕೊಳ್ಳಿ. ತಿರುವಿನ ನಡುವೆ ಅದು ತಾನಾಗಿ ಗೇರ್ ಬದಲಿಸಿದರೆ ಮುಂದಿನ ಚಕ್ರಕ್ಕೆ ಜರ್ಕ್ ಬೀಳುತ್ತದೆ. ಸಿವಿಟಿ (ಮೆಟ್ಟಿಲಿಲ್ಲದ ಆಟೊಮ್ಯಾಟಿಕ್ ಗೇರ್) ಕಾರಿನವರು ಎಲ್ ಅಥವಾ ಎಸ್‌ನಲ್ಲಿ ಇಳಿಯಿರಿ.

3. ಬ್ರೇಕಿನ ಕೆಲಸವನ್ನು ನೇರ ರಸ್ತೆಯಲ್ಲೇ ಮುಗಿಸಿ. ತಿರುವು ಬರುವಷ್ಟರಲ್ಲಿ ವೇಗ 15–20ಕ್ಕೆ ಬಂದಿರಬೇಕು, ಕಾಲು ಬ್ರೇಕಿನಿಂದ ಪೂರ್ತಿ ಎದ್ದಿರಬೇಕು. ಆಮೇಲೆ ಸ್ಟೇರಿಂಗ್.

4. ತಿರುವಿನ ನಡುವೆ ಎಕ್ಸಿಲರೇಟರನ್ನು ಪೂರ್ತಿ ಬಿಡದೆ, ಕಾರು ಓಡುತ್ತಿರುವಷ್ಟೇ ಹಗುರವಾಗಿ ಒತ್ತಿಟ್ಟುಕೊಳ್ಳಿ. ಹಿಂದಿನ ಚಕ್ರದ ಮೇಲೆ ಸ್ವಲ್ಪ ಭಾರ ಉಳಿಯುತ್ತದೆ.

5. ಗೇರ್ ಇಳಿಸಿದ ಮೇಲೆ ಕ್ಲಚ್ ಪಟ್ಟನೆ ಬಿಡಬೇಡಿ. ಎಂಜಿನ್ ಬ್ರೇಕು, ಅಂದರೆ ಗೇರಿನಲ್ಲಿದ್ದು ಕಾಲು ಬಿಟ್ಟಾಗ ಎಂಜಿನ್ನೇ ಕೊಡುವ ತಡೆ, ಈ ಕಾರಿನಲ್ಲಿ ಮುಂದಿನ ಎರಡು ಚಕ್ರಕ್ಕೆ ಮಾತ್ರ ತಾಗುತ್ತದೆ. ರಾಡಿಯಲ್ಲಿ ದಿಢೀರ್ ಎರಡನೇ ಗೇರಿಗೆ ಬಂದರೆ ಅವೆರಡೂ ಕ್ಷಣಕಾಲ ಉಜ್ಜಿಕೊಂಡು ಹೋಗುತ್ತವೆ, ಆಗ ಸ್ಟೇರಿಂಗ್ ತಿರುಗಿಸಿದರೂ ಕಾರು ಕೇಳುವುದಿಲ್ಲ. ಎಬಿಎಸ್ ಇದನ್ನು ತಡೆಯುವುದಿಲ್ಲ. ಅದರ ಹಿಡಿತವಿರುವುದು ಬ್ರೇಕಿನ ಮೇಲೆ ಮಾತ್ರ. ಎಕ್ಸಿಲರೇಟರನ್ನು ತುಸು ಒತ್ತಿ ಎಂಜಿನ್ ವೇಗ ಏರಿಸಿಕೊಂಡು ಕ್ಲಚ್ ನಿಧಾನ ಬಿಡಿ.

ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಇಂಜೆಕ್ಷನ್ ಎಂಜಿನ್ ಗೇರಿನಲ್ಲಿದ್ದು ಕಾಲು ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಮಾತ್ರ ಐಡ್ಲಿಂಗಿಗೆ ಕುಡಿಯುತ್ತಲೇ ಇರುತ್ತದೆ. ಅಂದರೆ ಉಳಿತಾಯವೂ ಇಲ್ಲ, ಎಂಜಿನ್ ಬ್ರೇಕೂ ಇಲ್ಲ. ಹ್ಯಾಂಡ್‌ಬ್ರೇಕನ್ನು ಓಡುವಾಗ ಮುಟ್ಟಲೇಬಾರದು: ಅದು ಹಿಂದಿನ ಚಕ್ರ ಕಟ್ಟಿಹಾಕುತ್ತದೆ, ಕಾರು ಸುತ್ತುತ್ತದೆ.

ದೇವಿಮನೆಯ ಮಂಜಿನಲ್ಲಿ ಗಾಜು ಒಳಗಿನಿಂದ ಮಬ್ಬಾದರೆ ಎಸಿ ಹಾಕಿ, ಹೊರಗಿನ ಗಾಳಿ ಒಳಬರುವ ಗುಂಡಿ ಒತ್ತಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿ. ದೀಪ ಡಿಮ್‌ನಲ್ಲಿರಲಿ. ನಾಲ್ಕೂ ಇಂಡಿಕೇಟರ್ ಮಿಟುಕಿಸಿಕೊಂಡು ಓಡಿಸಿದರೆ ನೀವು ಎತ್ತ ತಿರುಗುತ್ತೀರಿ ಎಂದು ಯಾರಿಗೂ ತಿಳಿಯುವುದಿಲ್ಲ. ಮಳೆ ನಿಲ್ಲಲಿ ಎಂದು ಕಾಯುವುದಾದರೆ ಧರೆಯ ಬುಡದಲ್ಲಿ ನಿಲ್ಲಿಸಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಸಿಲುಕಿದ್ದು ಹೆದ್ದಾರಿ ಬದಿಯ ಅಂಗಡಿ ಮತ್ತು ಅಲ್ಲಿ ನಿಂತಿದ್ದ ವಾಹನಗಳು.

ಜಾರಿಯೇಬಿಟ್ಟರೆ

ಎರಡು ಬಗೆ. ಮೊದಲನೆಯದು ಅಂಡರ್‌ಸ್ಟಿಯರ್: ಸ್ಟೇರಿಂಗ್ ತಿರುಗಿಸಿದ್ದೀರಿ, ಕಾರು ಮಾತ್ರ ನೇರ ಚರಂಡಿಯ ಕಡೆ ಹೋಗುತ್ತಿದೆ. ಕೈ ತಾನಾಗಿ ಇನ್ನೂ ತಿರುಗಿಸಲು ಹೊರಡುತ್ತದೆ, ಅದೇ ತಪ್ಪು. ಜಾರುತ್ತಿರುವ ಟಯರನ್ನು ಹೆಚ್ಚು ತಿರುಗಿಸಿದಷ್ಟೂ ಅದು ಹೆಚ್ಚು ಉಜ್ಜುತ್ತದೆ, ಹಿಡಿಯುವುದಿಲ್ಲ. ಎಕ್ಸಿಲರೇಟರ್ ಮೆಲ್ಲಗೆ ಬಿಡಿ, ಸ್ಟೇರಿಂಗನ್ನು ಕಾಲು ಸುತ್ತಿನಷ್ಟು ವಾಪಸ್ ತನ್ನಿ, ಅರೆಕ್ಷಣ ಕಾಯಿರಿ. ಮುಂದಿನ ಟಯರು ಕಚ್ಚಿಕೊಂಡದ್ದು ಕೈಗೆ ಭಾರವಾಗಿ ತಿಳಿಯುತ್ತದೆ. ಆಮೇಲೆ ಮತ್ತೆ ತಿರುಗಿಸಿ. ಜಾಗವೇ ಇಲ್ಲದಿದ್ದರೆ, ಎಬಿಎಸ್ ಇರುವ ಕಾರಿನಲ್ಲಿ ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು ಹೋಗಬೇಕಾದ ಕಡೆ ಸ್ಟೇರಿಂಗ್ ಇಟ್ಟುಕೊಳ್ಳಿ. ಪೆಡಲ್ ನಡುಗಿತೆಂದು ಕಾಲು ತೆಗೆಯುವವರು ಬಹಳ, ತೆಗೆಯಬೇಡಿ. ಎಬಿಎಸ್ ಇಲ್ಲದ ಹಳೆಯ ಕಾರಾದರೆ ಒತ್ತಿ, ಬಿಟ್ಟು, ಮತ್ತೆ ಒತ್ತಿ.

ಎರಡನೆಯದು ಓವರ್‌ಸ್ಟಿಯರ್: ಹಿಂಭಾಗ ಹೊರಗೆ ಬರುತ್ತದೆ. ಇಳಿಜಾರಿನ ತಿರುವಿನಲ್ಲಿ ದಿಢೀರ್ ಕಾಲು ತೆಗೆದಾಗ, ಬ್ರೇಕ್ ಹಿಡಿದಾಗ, ಹಿಂದಿನ ಟಯರು ಸವೆದಿದ್ದಾಗ ಹೀಗಾಗುತ್ತದೆ. ಹಿಂಭಾಗ ಬಲಕ್ಕೆ ಹೋದರೆ ಸ್ಟೇರಿಂಗ್ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ. ಕಣ್ಣು ಹೋಗಬೇಕಾದ ದಾರಿಯ ಮೇಲಿರಲಿ. ಹಿಂದಿನ ಚಕ್ರ ತಳ್ಳುವ ಗಾಡಿ ಓಡಿಸಿ ಬಂದವರು ಇಲ್ಲೇ ತಪ್ಪುವುದು. ಓಮ್ನಿಯಲ್ಲಿ ಎಕ್ಸಿಲರೇಟರ್ ಒತ್ತಿ ಹಿಂಭಾಗ ಜಾರಿದ್ದರೆ ಕಾಲು ಬಿಡುವುದೇ ಮದ್ದು. ಈ ಕಾರಿನಲ್ಲಿ ತದ್ವಿರುದ್ಧ: ಸ್ಟೇರಿಂಗ್ ಸರಿಪಡಿಸಿದ ಮೇಲೆ ಎಕ್ಸಿಲರೇಟರನ್ನು ತುಸು ಒತ್ತಿದರೆ ಮುಂದಿನ ಚಕ್ರ ಕಾರನ್ನು ನೇರಕ್ಕೆ ಎಳೆದುಕೊಳ್ಳುತ್ತದೆ. ನೇರವಾಗುತ್ತಿದ್ದಂತೆ ಸ್ಟೇರಿಂಗನ್ನೂ ಬೇಗ ನೇರ ಮಾಡಬೇಕು, ತಡವಾದರೆ ಹಿಂಭಾಗ ಇನ್ನೊಂದು ಬದಿಗೆ ಬೀಸುತ್ತದೆ. ಇಎಸ್‌ಸಿ (ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್) ಇರುವ ಕಾರಿನಲ್ಲಿ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಯಂತ್ರವೇ ಇದರಲ್ಲಿ ಹೆಚ್ಚಿನದನ್ನು ಮಾಡುತ್ತದೆ. ಹೊಸ ಕಾರು ಕೊಳ್ಳುವವರು ಸನ್‌ರೂಫಿಗೆ ಕೊಡುವ ದುಡ್ಡನ್ನು ಇದಕ್ಕೆ ಕೊಡುವುದು ಜಾಣತನ.

ಮನೆಯ ಏರು

ಉತ್ತರ ಕನ್ನಡದ ಸೆಡಾನ್ ಮಾಲೀಕರ ದೊಡ್ಡ ಶತ್ರು ಘಟ್ಟವೂ ಅಲ್ಲ, ಹೆದ್ದಾರಿಯೂ ಅಲ್ಲ, ತನ್ನದೇ ಮನೆಯ ಒಳರಸ್ತೆ. ತೋಟ ಕಣಿವೆಯಲ್ಲಿ, ಮನೆ ಅದರ ಅಂಚಿಗೆ, ಊರ ರಸ್ತೆ ಮೇಲೆ. ನಡುವೆ ಐವತ್ತು ನೂರು ಮೀಟರಿನ ಸಿಮೆಂಟ್ ಏರು, ಎರಡು ಬದಿ ಮರದ ನೆರಳು. ಜುಲೈ ಹೊತ್ತಿಗೆ ಪಾಚಿ ಹಸಿರು ಹೊದಿಕೆಯಾಗಿರುತ್ತದೆ.

ಏರಿನಲ್ಲಿ ಭಾರ ಹಿಂದೆ ಸರಿಯುತ್ತದೆ, ಎಳೆಯುವ ಚಕ್ರ ಹಗುರಾಗುತ್ತದೆ. ಘರ್ಷಣಾಂಕ 0.2 ಇದ್ದಾಗ ಒಬ್ಬರೇ ಕುಳಿತ ಸೆಡಾನ್ ನೂರಕ್ಕೆ ಸುಮಾರು 11ರ ಏರನ್ನು ಹತ್ತಬಲ್ಲದು. ಹಿಂದಿನ ಸೀಟಿನಲ್ಲಿ ಮೂವರು ಕುಳಿತು ಡಿಕ್ಕಿಯಲ್ಲಿ ಮೂಟೆ ಇಟ್ಟರೆ ತೂಕ ಹಿಂದೆ ಮುಂದೆ ಅರ್ಧಕ್ಕರ್ಧ ಹಂಚಿಹೋಗಿ ಅದು ಒಂಬತ್ತೂವರೆಗೆ ಇಳಿಯುತ್ತದೆ. ಘರ್ಷಣಾಂಕ 0.1 ಆದರೆ ಇವೆಲ್ಲ ಅರ್ಧ. ಹಾಗಾಗಿ ‘ಹಿಂದೆ ಭಾರ ಹಾಕಿದರೆ ಹತ್ತುತ್ತದೆ’ ಎಂಬ ಜೀಪಿನ ಕಾಲದ ಸಲಹೆ ಇಲ್ಲಿ ತಿರುಗುಬಾಣ. ಹಿಂದಿನ ಸೀಟಿನವರನ್ನು ಇಳಿಸಿ, ಡಿಕ್ಕಿಯ ಮೂಟೆಯನ್ನು ಮುಂದಿನ ಸೀಟಿನ ಬುಡದಲ್ಲಿಡಿ.

ಹತ್ತುವ ಕ್ರಮ ಹೀಗೆ. ಕೆಳಗೆ ಸಮತಟ್ಟಿನಲ್ಲಿ ಟಯರಿಗೆ ಮೆತ್ತಿದ ಕೆಸರನ್ನು ಕೆರೆದು ತೆಗೆಯಿರಿ. ತೋಡಿನಲ್ಲಿ ಕೆಸರು ತುಂಬಿದ ಟಯರು ಬೋಳು ಟಯರೇ. ಎರಡನೇ ಗೇರಿಗೆ 12–15 ಕಿ.ಮೀ. ವೇಗ ಸಿಗುವಷ್ಟು ಓಟದ ಜಾಗ ಇಟ್ಟುಕೊಳ್ಳಿ. ಮೊದಲನೇ ಗೇರಿನ ಎಳೆತ ಜೋರು, ಚಕ್ರ ಬೇಗ ಸುತ್ತುತ್ತದೆ, ಆದ್ದರಿಂದ ಎಂಜಿನ್ ತಾಳುವುದಾದರೆ ಎರಡರಲ್ಲೇ ಹತ್ತಿ. ನಡುವೆ ಗೇರ್ ಬದಲಿಸಬೇಡಿ, ನಿಲ್ಲಿಸಬೇಡಿ. ಚಕ್ರ ಸುತ್ತತೊಡಗಿದರೆ ಎಕ್ಸಿಲರೇಟರ್ ಇಳಿಸಿ. ಒತ್ತಿದಷ್ಟೂ ಪಾಚಿ ಅರೆದು ಲೋಳೆಯಾಗುತ್ತದೆ. ಹತ್ತದೇ ನಿಂತರೆ ಹಠ ಬೇಡ, ರಿವರ್ಸ್ ಗೇರ್ ಹಾಕಿ, ಸ್ಟೇರಿಂಗ್ ನೇರ ಹಿಡಿದು, ಅದೇ ಜಾಡಿನಲ್ಲಿ ಇಳಿದು ಬನ್ನಿ. ಕ್ಲಚ್ ಒತ್ತಿ ಜಾರಿಸಿಕೊಂಡು ಬಂದರೆ ಮೂತಿ ಅಡ್ಡ ತಿರುಗುತ್ತದೆ.

ಎರಡು ಸಲ ಸೋತರೆ ಕಾರು ತಿರುಗಿಸಿ ರಿವರ್ಸ್‌ನಲ್ಲೇ ಹತ್ತಿಸಿ. ನೋಡುವವರಿಗೆ ತಮಾಷೆ, ಆದರೆ ಲೆಕ್ಕ ಸರಿಯಿದೆ: ಎಂಜಿನ್ನಿನ ಭಾರ, ಇಳಿಜಾರಿನ ಭಾರ ಎರಡೂ ಆಗ ಎಳೆಯುವ ಚಕ್ರದ ಮೇಲೇ ಬೀಳುತ್ತವೆ. ನಡೆಯುವ ವೇಗದಲ್ಲಿ, ಹೊರಗೆ ಒಬ್ಬರನ್ನು ನಿಲ್ಲಿಸಿಕೊಂಡು, ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋಗಬೇಕು. ಆ ‘ಒಬ್ಬರು’ ಕಾರಿನ ಕೆಳಬದಿಯಲ್ಲಿ ನಿಲ್ಲಬಾರದು.

ಪಾಚಿಯನ್ನೇ ಇಲ್ಲವಾಗಿಸುವುದು ಇದಕ್ಕಿಂತ ಸುಲಭ. ಮಳೆ ಬಿಡುವು ಕೊಟ್ಟ ದಿನ ಬ್ಲೀಚಿಂಗ್ ಪೌಡರನ್ನು ಒದ್ದೆ ಸಿಮೆಂಟಿನ ಮೇಲೆ ಚೆಲ್ಲಿ, ಅರ್ಧ ಗಂಟೆ ಬಿಟ್ಟು ಗಡುಸು ಕಸಬರಿಗೆಯಿಂದ ಉಜ್ಜಿ. ತೊಳೆದ ನೀರು ತೋಟಕ್ಕೂ ಬಾವಿಗೂ ಹೋಗದಂತೆ ನೋಡಿಕೊಳ್ಳಿ. ಮಳೆಗಾಲದಲ್ಲಿ ಎರಡು ಮೂರು ಸಲ ಮಾಡಬೇಕಾಗುತ್ತದೆ. ಟಯರು ಹೋಗುವ ಎರಡು ಜಾಡನ್ನಷ್ಟೇ ಸ್ವಚ್ಛ ಮಾಡಿದರೂ ನಡೆಯುತ್ತದೆ. ಹೊಸದಾಗಿ ಕಾಂಕ್ರೀಟ್ ಹಾಕಿಸುವವರು ಹಸಿಯಿದ್ದಾಗಲೇ ಅಡ್ಡಲಾಗಿ ಒಂದು ಸೆಂ.ಮೀ. ಆಳದ ಗೆರೆಗಳನ್ನು ನಾಲ್ಕೈದು ಸೆಂ.ಮೀ.ಗೊಂದರಂತೆ ಎಳೆಸಿ. ಗೆರೆಯನ್ನು ತುಸು ಓರೆ ಮಾಡಿದರೆ ನೀರು ಬದಿಗೆ ಹರಿಯುತ್ತದೆ, ಕಸವೂ ನಿಲ್ಲುವುದಿಲ್ಲ. ಮೇಲಿನ ಟೊಂಗೆ ಕಡಿದು ಬಿಸಿಲು ಬಿಟ್ಟರೆ ಪಾಚಿಯ ಅರ್ಧ ಬಲ ಅಲ್ಲೇ ಮುರಿಯುತ್ತದೆ.

ಹೂತರೆ

ಚಕ್ರ ಹೂತಾಗ ಟ್ರ್ಯಾಕ್ಷನ್ ಕಂಟ್ರೋಲ್ ಗುಂಡಿ ಇದ್ದರೆ ಆಫ್ ಮಾಡಿ. ಚಕ್ರ ಸ್ವಲ್ಪವೂ ಸುತ್ತದಂತೆ ಅದು ಎಂಜಿನ್ನನ್ನೇ ಅದುಮುತ್ತದೆ. ಹೊರಬಂದ ಕೂಡಲೇ ಆನ್ ಮಾಡಿ. ಮುಂದಿನ ಚಕ್ರದ ಮುಂದೆ ಹಿಂದೆ ಮಣ್ಣು ತೋಡಿ, ಗೋಣಿಚೀಲ, ಅಡಕೆ ದಬ್ಬೆ, ಜಲ್ಲಿ ಯಾವುದಾದರೂ ಒಡ್ಡಿ. ಸ್ಟೇರಿಂಗ್ ನೇರ ಮಾಡಿ, ಮೊದಲನೇ ಗೇರು, ರಿವರ್ಸು ಎಂದು ಮೆಲ್ಲಗೆ ತೂಗಾಡಿಸಿ. ಸೆಡಾನ್‌ಗಳ ಹೊಟ್ಟೆ ನೆಲದಿಂದ 160–180 ಮಿ.ಮೀ. ಮಾತ್ರ ಮೇಲಿರುತ್ತದೆ. ಹೊಟ್ಟೆ ಕೂತಿದ್ದರೆ ಎಷ್ಟು ತೂಗಾಡಿಸಿದರೂ ವ್ಯರ್ಥ, ಮೊದಲು ಜಾಕ್ ಹಾಕಿ ಎತ್ತಿ ಚಕ್ರದಡಿ ಕಲ್ಲು ತುಂಬಬೇಕು. ಜಾಕಿನ ಬುಡಕ್ಕೆ ಹಲಗೆ ಇಡದಿದ್ದರೆ ಜಾಕೇ ಹೂಳುತ್ತದೆ, ಜಾಕಿನ ಮೇಲಿದ್ದಾಗ ಕಾರಿನಡಿ ಕೈಕಾಲು ಚಾಚಬಾರದು. ಮರಳು, ಮೆತ್ತನೆಯ ಕೆಸರಿನಲ್ಲಿ ಗಾಳಿಯನ್ನು 20 ಪಿಎಸ್‌ಐಗೆ ಇಳಿಸಿದರೆ ಹೊರಬರಲು ನೆರವಾಗುತ್ತದೆ. ಹಾಗೆ ಇಳಿಸಿದ ಟಯರಿನಲ್ಲಿ ಗಾಳಿ ತುಂಬುವ ಜಾಗದವರೆಗೆ 20ರ ವೇಗ ಮೀರಬೇಡಿ.

ನೀರು ಹರಿಯುವ ಮೋರಿಯ ಮೇಲೆ ಸೆಡಾನ್ ಇಳಿಸುವುದೇ ಬೇಡ, 30 ಸೆಂ.ಮೀ. ಹರಿವು ಸಣ್ಣ ಕಾರನ್ನು ಎತ್ತಿಬಿಡಬಲ್ಲದು. ನಿಂತ ನೀರಿನಲ್ಲಿ ಎಂಜಿನ್ ಬಂದಾದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಕಾರು ತಳ್ಳಿಸಿ ಹೊರತಂದು ಗ್ಯಾರೇಜಿಗೆ ಎಳೆಸುವುದು ಅಗ್ಗ.

ಇದೇ ಕಾರು ನಿಜವಾದ ಹಿಮಕ್ಕೆ ಹೋದರೆ

ಕೈಯ ಕೆಲಸ ಅದೇ, ವೇಗ ಅರ್ಧ. ಬದಲಾಗುವುದು ಟಯರು ಮತ್ತು ಚಳಿಯ ಸಿದ್ಧತೆ. ನಮ್ಮ ಟಯರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್ ಕೆಳಗೆ ಗಡುಸಾಗುತ್ತದೆ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರವಿರುವ ಟಯರು ಹಿಮಕ್ಕೆಂದೇ ಪರೀಕ್ಷೆಗೊಳಗಾದದ್ದು. ಬರೀ ಎಂ ಪ್ಲಸ್ ಎಸ್ (ಮಡ್ ಪ್ಲಸ್ ಸ್ನೋ, ಕೆಸರು ಮತ್ತು ಹಿಮ) ಎಂದು ಬರೆದಿದ್ದರೆ ಅದಕ್ಕೆ ಪರೀಕ್ಷೆಯ ಬಲ ಇಲ್ಲ. ಹಾಗೆಂದು ಕಾರವಾರದಿಂದ ಹಿಮದ ಟಯರು ಹಾಕಿಕೊಂಡು ಹೊರಡುವುದೂ ಸರಿಯಲ್ಲ, ದಾರಿಯ ಬಿಸಿಲಿಗೇ ಅದು ಸವೆದುಹೋಗುತ್ತದೆ. ವಾರದ ಪ್ರವಾಸಕ್ಕೆ ನಿಮ್ಮ ಟಯರ್ ಅಳತೆಯ, ಉದಾಹರಣೆಗೆ 185/65 ಆರ್15ರ, ಸರಪಳಿ ಒಂದು ಜೊತೆ ಸಾಕು.

ಸರಪಳಿ ಎಳೆಯುವ ಚಕ್ರಕ್ಕೆ, ಅಂದರೆ ಮುಂದಿನವಕ್ಕೆ. ಸಮತಟ್ಟು ಜಾಗದಲ್ಲಿ, ಹಿಮ ಶುರುವಾಗುವ ಮುನ್ನ, ಟಯರಿನ ಮೇಲೆ ಹರಡಿ, ಒಳಗಿನ ಕೊಂಡಿ ಮೊದಲು ಸಿಕ್ಕಿಸಿ, ಹೊರಗಿನದನ್ನು ಬಿಗಿದು, ನೂರು ಮೀಟರ್ ಓಡಿಸಿ ಮತ್ತೆ ಬಿಗಿಯಿರಿ. ಸ್ಟೇರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ ಸರಪಳಿ ಬ್ರೇಕ್ ಪೈಪಿಗೋ ಸಸ್ಪೆನ್ಶನ್ನಿಗೋ ತಾಗುವುದಿಲ್ಲವೆಂದು ನೋಡಿ. 40 ಕಿ.ಮೀ. ವೇಗ ಮೀರಬಾರದು, ಡಾಂಬರು ಕಂಡ ಕೂಡಲೇ ಬಿಚ್ಚಬೇಕು. ಮುಂದೆ ಮಾತ್ರ ಸರಪಳಿ ಇರುವ ಕಾರು ಇಳಿಜಾರಿನಲ್ಲಿ ಹಿಂಭಾಗ ಬೀಸುವುದು ಹೆಚ್ಚು. ಮುಂದೆ ಹೊಸ ಟಯರು, ಹಿಂದೆ ಬೋಳು ಟಯರು ಎಂದಾಗ ಹೇಳಿದ್ದೇ ಇಲ್ಲಿ ಇನ್ನೂ ಜೋರಾಗಿ ನಡೆಯುತ್ತದೆ. ತಿರುವಿಗೆ 10–15 ಸಾಕು.

ಮನಾಲಿಯಿಂದ ಮುಂದೆ, 9.02 ಕಿ.ಮೀ. ಉದ್ದದ ಅಟಲ್ ಸುರಂಗದ ಎರಡು ಬಾಯಿಗಳ ಬಳಿ ಬೆಳಿಗ್ಗೆ ಕಪ್ಪು ಮಂಜುಗಡ್ಡೆ ಸಾಮಾನ್ಯ. ಹಿಂದಿನ ದಿನ ಕರಗಿದ ನೀರು ರಾತ್ರಿ ಪಾರದರ್ಶಕವಾಗಿ ಹೆಪ್ಪುಗಟ್ಟುತ್ತದೆ, ಡಾಂಬರು ಬರೀ ಒದ್ದೆಯಾದಂತೆ ಕಾಣುತ್ತದೆ. ಒದ್ದೆ ರಸ್ತೆಯಲ್ಲಿ ಟಯರಿನ ಸರಸರ ಸದ್ದು ಕೇಳದೇ ಹೋದರೆ, ಮುಂದಿನ ವಾಹನದ ಚಕ್ರದಿಂದ ನೀರು ಸಿಡಿಯದೇ ಹೋದರೆ ಅದು ಗಡ್ಡೆ. ಸೇತುವೆ ಮತ್ತು ನೆರಳಿನ ತಿರುವುಗಳಲ್ಲಿ ಮೊದಲು ಹೆಪ್ಪುಗಟ್ಟಿ ಕೊನೆಗೆ ಕರಗುತ್ತದೆ. ಹೊಸ ಹಿಮ ಬಿದ್ದಾಗ ಪೊಲೀಸರು ಫೋರ್ ವೀಲ್ ಡ್ರೈವ್ ಅಲ್ಲದ ಕಾರುಗಳನ್ನು ತಡೆಯುತ್ತಾರೆ. ವಾದ ಮಾಡದೆ ಕಾರು ಅಲ್ಲೇ ಬಿಟ್ಟು ಸ್ಥಳೀಯ ಗಾಡಿ ಹಿಡಿಯುವುದು ಸರಿ.

ಹೊರಡುವ ಮುನ್ನ ಕೂಲಂಟ್ ಪರೀಕ್ಷಿಸಿ. ನಮ್ಮ ಕಡೆ ರೇಡಿಯೇಟರಿಗೆ ಬಾವಿ ನೀರು ತುಂಬಿ ನಡೆಸುವುದುಂಟು, ಅದು ಹೆಪ್ಪುಗಟ್ಟಿದರೆ ಎಂಜಿನ್ ಬ್ಲಾಕೇ ಸೀಳುತ್ತದೆ. ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ಮೈನಸ್ 35 ಡಿಗ್ರಿಯ ಆಸುಪಾಸಿನವರೆಗೂ ತಡೆಯುತ್ತದೆ. ಡೀಸೆಲ್ ಕಾರಿನವರು ಟ್ಯಾಂಕನ್ನು ಅಲ್ಲಿನ ಬಂಕಿನಲ್ಲೇ ತುಂಬಿಸಿ, ಚಳಿನಾಡಿನಲ್ಲಿ ಚಳಿಗೆ ಹೊಂದುವ ಡೀಸೆಲ್ ಸಿಗುತ್ತದೆ. ವೈಪರ್ ತೊಟ್ಟಿಯ ನೀರು ಖಾಲಿ ಮಾಡಿ ಗಡ್ಡೆಕಟ್ಟದ ದ್ರವ ಹಾಕಿ. ರಾತ್ರಿ ನಿಲ್ಲಿಸುವಾಗ ವೈಪರ್ ಎತ್ತಿಡಿ, ಕಾರನ್ನು ಮೊದಲನೇ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಎಳೆದರೆ ಒದ್ದೆ ಲೈನರು ಡ್ರಮ್ಮಿಗೆ ಹೆಪ್ಪುಗಟ್ಟಿ ಬೆಳಿಗ್ಗೆ ಚಕ್ರ ತಿರುಗುವುದಿಲ್ಲ. ಕಾರವಾರ, ಭಟ್ಕಳದಲ್ಲಿ ಮಳೆಗಾಲದ ನಾಲ್ಕು ದಿನ ಕಾರು ನಿಂತಾಗಲೂ ಡ್ರಮ್ಮು ಉಪ್ಪುಗಾಳಿಗೆ ತುಕ್ಕು ಹಿಡಿದು ಅದೇ ಲೈನರು ಅಂಟಿಕೊಳ್ಳುತ್ತದೆ. ಅಲ್ಲೂ ಗೇರು ಮತ್ತು ಕಲ್ಲೇ ಸಾಕು. ಅಂಟಿಕೊಂಡೇ ಬಿಟ್ಟಿದ್ದರೆ ಜೋರಾಗಿ ಎಳೆಯದೆ, ರಿವರ್ಸ್ ಮತ್ತು ಮೊದಲನೇ ಗೇರಿನಲ್ಲಿ ಇಂಚಿಂಚು ಸರಿಸಿ. ಟಕ್ ಎಂದು ಸದ್ದಾಗಿ ಬಿಡುತ್ತದೆ.